ತೋಡಿಗೊಂದು ಕಟ್ಟ, ಕಟ್ಟಕ್ಕೆ ಹತ್ತಾರು ಕೈ

ಗುಡ್ಡಗಳ ನಡುವೆ ಹರಿದು ಹೊಳೆ ಸೇರುವ ಸಣ್ಣ ಹಳ್ಳಕ್ಕೆ ದಕ್ಷಿಣ ಕನ್ನಡದಲ್ಲೂ, 1956ರವರೆಗೆ ಅದರದೇ ಭಾಗವಾಗಿದ್ದ ಕಾಸರಗೋಡಿನಲ್ಲೂ ತೋಡು ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡೇ ಕಟ್ಟ. ನವೆಂಬರ್ ಕೊನೆಯಿಂದ ಜನವರಿಯೊಳಗೆ ಅದನ್ನು ಕಟ್ಟುತ್ತಾರೆ. ಮುಂದಿನ ಮಳೆಗೆ ಮೊದಲು ಕಟ್ಟಿದವರೇ ಬಿಚ್ಚುತ್ತಾರೆ. ಮರುವರ್ಷ ಮತ್ತೆ ಅದೇ ಜಾಗದಲ್ಲಿ ಕೆಲಸ ಶುರು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ನೆಲ ಇಳಿಜಾರು, ಸಮುದ್ರ ಹತ್ತಿರ; ನಿಲ್ಲಿಸುವವರಿಲ್ಲದಿದ್ದರೆ ನೀರು ನಿಲ್ಲದು. ಆದರೆ ಇಲ್ಲಿನ ಅಡಿಕೆ ತೋಟಗಳಿಗೆ ಬೇಸಿಗೆಯಲ್ಲಿ ನೀರು ಬೇಕೇ ಬೇಕು; ಹನಿ ನೀರಾವರಿಯಲ್ಲೂ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಾಣತೊಡಗಿದಾಗ ಆ ಲೆಕ್ಕ ಎಷ್ಟು ಭಾರವೆಂದು ತೋಟದವರಿಗೇ ಗೊತ್ತು.

ಕಟ್ಟದ ಮೊದಲ ಜಾಣ್ಮೆ ಇರುವುದು ದಿನ ಗೊತ್ತುಮಾಡುವುದರಲ್ಲಿ. ಬೇಗ ಕಟ್ಟಿದರೆ ಅಕಾಲದ ಮಳೆಗೆ ಕೊಚ್ಚಿಹೋಗುತ್ತದೆ. ತಡವಾದರೆ ನಿಲ್ಲಿಸಲು ಹರಿವೇ ಇರುವುದಿಲ್ಲ. ಎರಡನೆಯದು ಜಾಗದ ಆಯ್ಕೆ. ದಡಗಳು ಎತ್ತರವಾಗಿ ತೋಡು ಕಿರಿದಾದಲ್ಲಿ, ತಳದಲ್ಲಿ ಬಂಡೆಯೋ ಗಟ್ಟಿ ನೆಲವೋ ಇರುವಲ್ಲಿ, ಮೇಲ್ಬದಿಗೆ ನೀರು ಹರಡಿಕೊಳ್ಳಲು ಅಗಲವಿರುವಲ್ಲಿ ಕಟ್ಟ ನಿಲ್ಲುತ್ತದೆ. ಇಂಥ ಜಾಗಗಳನ್ನು ಹಿರಿಯರು ಎಂದೋ ಗುರುತಿಸಿಟ್ಟಿದ್ದಾರೆ.

ಕಟ್ಟುವ ದಿನ ಮೊದಲು ತಳ ಕೆರೆಯಬೇಕು. ಮರಳು, ಕೊಳೆತ ಎಲೆ, ಸಡಿಲ ಕಲ್ಲು ಎಲ್ಲ ತೆಗೆದು ಗಟ್ಟಿ ನೆಲ ಸಿಗುವವರೆಗೆ ಹಾರೆ ಆಡುತ್ತದೆ. ಹರಿಯುವ ನೀರಿಗೆ ಒಂದು ಕಂಡಿ ಬಿಟ್ಟುಕೊಂಡು ಉಳಿದ ಭಾಗದಲ್ಲಿ ಕೆಲಸ ಸಾಗುತ್ತದೆ. ಹಳೆಯ ಕ್ರಮದಲ್ಲಿ ಕಲ್ಲಿನ ಎರಡು ಗೋಡೆಗಳನ್ನು ಎದುರುಬದುರಾಗಿ ಏರಿಸಿ, ನಡುವಿನ ಎರಡು ಮೂರು ಅಡಿ ಜಾಗಕ್ಕೆ ಅಂಟುಮಣ್ಣು ತುಂಬುತ್ತಾರೆ. ಒಮ್ಮೆಲೇ ಸುರಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಆದ್ದರಿಂದ ಅರ್ಧ ಅಡಿ ಮಣ್ಣು ಹಾಕುವುದು, ಹದವಾಗಿ ನೀರು ಚಿಮುಕಿಸುವುದು, ಕಾಲಿನಿಂದ ತುಳಿಯುವುದು, ಮತ್ತೆ ಅರ್ಧ ಅಡಿ. ತುಳಿಯುವವರ ಹಿಮ್ಮಡಿಗೆ ಮಣ್ಣಿನ ಹದ ತಿಳಿಯುತ್ತದೆ: ಪಾದ ಹೂತರೆ ನೀರು ಹೆಚ್ಚಾಯಿತು, ಹೆಜ್ಜೆಯ ಅಂಚಿನಲ್ಲಿ ಬಿರುಕು ಮೂಡಿದರೆ ಕಡಿಮೆಯಾಯಿತು.

ಈಗ ಕಲ್ಲಿನ ಬದಲು ಖಾಲಿ ಸಿಮೆಂಟ್ ಚೀಲಗಳಿಗೆ ಮರಳು ಅಥವಾ ಮಣ್ಣು ತುಂಬಿ ಜೋಡಿಸುವುದೇ ಹೆಚ್ಚು. ಇದರಲ್ಲೂ ಕಸುಬಿದೆ. ಚೀಲವನ್ನು ಮುಕ್ಕಾಲು ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದ ಚೀಲ ದುಂಡಗಾಗಿ ಪಕ್ಕದ್ದರ ಜೊತೆ ಸೇರುವುದಿಲ್ಲ. ಕೆಳಸಾಲಿನ ಎರಡು ಚೀಲಗಳ ಸಂದಿಯ ಮೇಲೆ ಮೇಲ್ಸಾಲಿನ ಚೀಲದ ನಡುಭಾಗ ಬರಬೇಕು. ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆ ಹೊದೆಸಿ, ಅದರ ಬುಡವನ್ನು ತಳದ ಮಣ್ಣಿನೊಳಗೆ ಹೂಳಬೇಕು. ಮೇಲುಗಡೆ ಅಡಿಕೆ ಸೋಗೆ ಮುಚ್ಚದಿದ್ದರೆ ಬಿಸಿಲಿಗೆ ಚೀಲ ಪುಡಿಯಾಗುತ್ತದೆ.

ಕಟ್ಟ ಸೋಲುವುದು ಹೆಚ್ಚಾಗಿ ಎರಡು ಅಂಚುಗಳಲ್ಲಿ. ಹಾಗಾಗಿ ದಡವನ್ನು ಒಂದೆರಡು ಅಡಿ ಒಳಕ್ಕೆ ಕಡಿದು ಕಟ್ಟದ ತುದಿಯನ್ನು ಅಲ್ಲಿ ಕೂರಿಸುತ್ತಾರೆ. ತುಂಬಿ ಹರಿಯುವ ನೀರು ಬುಡ ಕೊರೆಯದಂತೆ ಕೆಳಬದಿಯಲ್ಲಿ ಚಪ್ಪಟೆ ಕಲ್ಲು ಹಾಸುತ್ತಾರೆ.

ಕೊನೆಗೆ ಬರುವುದು ಕಂಡಿ ಮುಚ್ಚುವ ಗಳಿಗೆ. ಅದುವರೆಗೆ ನಾಲ್ಕು ಜನ ನಿಧಾನವಾಗಿ ಮಾಡಬಹುದಾಗಿದ್ದ ಕೆಲಸ ಇಲ್ಲಿ ನಾಲ್ಕು ಜನರಿಂದ ಆಗದು. ಮುಚ್ಚತೊಡಗಿದೊಡನೆ ನೀರು ಏರುತ್ತದೆ. ಅದಕ್ಕಿಂತ ಬೇಗ ಕಟ್ಟ ಏರಬೇಕು. ದಡದಿಂದ ಕಂಡಿಯವರೆಗೆ ಜನ ಸಾಲಾಗಿ ನಿಲ್ಲುತ್ತಾರೆ, ಚೀಲ ಕೈಯಿಂದ ಕೈಗೆ ಸಾಗುತ್ತದೆ. ಸಾಲಿನಲ್ಲಿ ತೋಟದ ಯಜಮಾನರು, ಕೂಲಿ ಕೆಲಸದವರು, ಯುವಕ ಮಂಡಲದ ಹುಡುಗರು, ಕೆಲವೆಡೆ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು. ಒಬ್ಬರ ಕೈ ತಡೆದರೆ ಇಡೀ ಸಾಲು ನಿಲ್ಲುತ್ತದೆ, ಆದ್ದರಿಂದ ಲಯ ತಾನಾಗಿ ಕೂಡಿಕೊಳ್ಳುತ್ತದೆ. ಹತ್ತಿರದ ಮನೆಯಿಂದ ಅವಲಕ್ಕಿ, ಮಜ್ಜಿಗೆ, ಚಹಾ ಬರುತ್ತವೆ. ಇದನ್ನು ಬರೀ ಉಪಚಾರವೆಂದು ತಿಳಿಯಬಾರದು. ಮೈಬಗ್ಗಿಸಿ ದುಡಿಯಲಾಗದ ಮನೆಯವರೂ ಕಟ್ಟದಲ್ಲಿ ಪಾಲುದಾರರಾಗುವುದು ಈ ದಾರಿಯಲ್ಲಿ.

ತುಂಬಿದ ಮೇಲೆ ಸೋರಿಕೆ ಹುಡುಕುವ ಕೆಲಸ. ಅನುಭವಿಗಳು ಮೇಲ್ಬದಿಯ ನೀರಿಗಿಳಿದು ಅಂಗೈಯನ್ನು ಕಟ್ಟದ ಮೈಗೆ ಸಮೀಪ ಮೆಲ್ಲನೆ ಸರಿಸುತ್ತಾರೆ. ಎಲ್ಲಿ ಎಳೆತ ಸಿಕ್ಕಿತೋ ಅಲ್ಲಿ ಒಂದು ಹಿಡಿ ಮಣ್ಣು ಕದಡುತ್ತಾರೆ. ಹೊರಟ ನೀರೇ ಆ ಮಣ್ಣನ್ನು ಒಳಗೆಳೆದುಕೊಂಡು ತೂತು ಮುಚ್ಚುತ್ತದೆ. ಮಣ್ಣಿನ ಕಟ್ಟಕ್ಕೆ ಆಮೇಲಿನ ವೈರಿ ಏಡಿ. ಬೆರಳು ಹೋಗುವಷ್ಟು ಬಿಲ ತೋಡಿದರೂ ಸಾಕು, ದಿನದಿನಕ್ಕೆ ಅದು ಹಿಗ್ಗುತ್ತದೆ. ತೋಟಕ್ಕೆ ಹೋಗುವವರು ಹಾದುಹೋಗುವಾಗ ಕಟ್ಟದತ್ತ ಕಣ್ಣು ಹಾಯಿಸುವ ರೂಢಿ ಇರುವವರೆಗೆ ಅದಕ್ಕೆ ಬೇರೆ ಕಾವಲು ಬೇಡ.

ಕಟ್ಟದ ನಿಜವಾದ ಬಲ ಒಂದು ಕಟ್ಟದಲ್ಲಿಲ್ಲ, ಸಾಲಿನಲ್ಲಿದೆ. ಕಟ್ಟದ ಒಂದು ಬದಿ ನೀರು ತುಂಬಿ ಇನ್ನೊಂದು ಬದಿ ಬರಿದಾಗಿದ್ದರೆ ಒತ್ತಡವೆಲ್ಲ ಒಂದೇ ಕಡೆ, ಸೋರಿಕೆಯೂ ಹೆಚ್ಚು. ಕೆಳಗಿನವರು ತಮ್ಮ ಕಟ್ಟ ಹಾಕಿ, ಅದರ ಹಿನ್ನೀರು ಮೇಲಿನ ಕಟ್ಟದ ಬುಡಕ್ಕೆ ಬಂದು ನಿಂತರೆ ಒತ್ತಡ ತಗ್ಗುತ್ತದೆ. ಇತ್ತ ಮೇಲಿನ ಕಟ್ಟ ತುಂಬುವ ಹೊತ್ತಿನಲ್ಲಿ ತೋಡಿನ ಹರಿವು ಸಣ್ಣದಾಗಿ ಕೆಳಗಿನವರ ಕೆಲಸ ಹಗುರಾಗುತ್ತದೆ. ಮೇಲಿನವರಿಗೆ ಕೆಳಗಿನವರು ಬೇಕು, ಕೆಳಗಿನವರಿಗೆ ಮೇಲಿನವರು ಬೇಕು. ಸಾಲು ಪೂರ್ಣವಾದಾಗ ನೀರು ತೋಡಿನಲ್ಲಷ್ಟೇ ನಿಲ್ಲದೆ ಎರಡೂ ದಡದ ಮಣ್ಣಿಗೆ ಇಂಗಿ, ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ಕಟ್ಟದ ಕೆಲಸಕ್ಕೆ ಬಾರದವರ ಬಾವಿಯಲ್ಲೂ ನೀರು ಏರುತ್ತದೆ. ಇದಕ್ಕಿಂತ ದೊಡ್ಡ ಆಮಂತ್ರಣ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಕಾಸರಗೋಡಿನ ಏತಡ್ಕ ಇಂಥ ಕಟ್ಟಗಳಿಗೆ ಹೆಸರಾದ ಊರು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯೂ ಅದರ ಸಂಪಾದಕ ಬಳಗದ ಶ್ರೀಪಡ್ರೆಯವರೂ ಕಟ್ಟದ ವಿದ್ಯೆಯ ಬಗ್ಗೆ ಬಿಡದೆ ಬರೆದು, ಒಂದೂರಿನ ಅನುಭವ ಇನ್ನೊಂದೂರಿಗೆ ತಲುಪುವಂತೆ ಮಾಡಿದ್ದಾರೆ. ಅದರ ಅಗತ್ಯವಿತ್ತು. ಪಂಪು, ಕೊಳವೆಬಾವಿಗಳು ಬಂದ ಮೇಲೆ ಹಲವೆಡೆ ಕಟ್ಟಗಳು ನಿಂತುಹೋಗಿದ್ದವು. ಕಟ್ಟುವುದನ್ನು ಜನ ಮರೆತರೆನ್ನುವುದಕ್ಕಿಂತ, ತನ್ನ ಜಾಗದಲ್ಲೇ ತನ್ನ ಕೊಳವೆಬಾವಿ ಇರುವವನಿಗೆ ಪಕ್ಕದ ಮನೆಯವನನ್ನು ಕರೆಯುವ ಕಾರಣವೇ ತಪ್ಪಿತೆನ್ನುವುದು ಸರಿ. ಒಂದೆರಡು ವರ್ಷ ಕರೆಯದಿದ್ದರೆ ಮೂರನೆಯ ವರ್ಷ ಕರೆಯಲು ಸಂಕೋಚ. ಕಟ್ಟ ಮತ್ತೆ ಎದ್ದ ಊರುಗಳಲ್ಲಿ ಮೊದಲು ಆಗಬೇಕಾದದ್ದು ಆ ಸಂಕೋಚ ಕಳೆಯುವ ಕೆಲಸ: ಮನೆಮನೆಗೆ ಹೋಗಿ ಹೇಳಿಬರುವುದು, ಹಳೆಯ ಕಟ್ಟ ಕಟ್ಟಿದ ಹಿರಿಯರನ್ನು ದಡದಲ್ಲಿ ಕೂರಿಸಿಕೊಂಡು ಅವರ ಮಾತಿನಂತೆ ಕಲ್ಲಿಡುವುದು.

ಮೇ ತಿಂಗಳ ಕೊನೆಗೆ ಕಟ್ಟ ಬಿಚ್ಚುತ್ತಾರೆ. ಬಿಟ್ಟರೆ ನೆರೆ ಅದನ್ನು ಒಯ್ಯುವುದರ ಜೊತೆಗೆ ದಡವನ್ನೂ ಕೊರೆಯುತ್ತದೆ. ಮೇಲಿನ ಸಾಲಿನಿಂದ ಚೀಲ ಎತ್ತಿ, ಗಟ್ಟಿಯಿರುವುದನ್ನು ಬೇರ್ಪಡಿಸುತ್ತಾರೆ. ಹಾಳೆ ತೊಳೆದು ಒಣಗಿಸಿ ಸುತ್ತಿ, ಯಾರ ಅಟ್ಟದಲ್ಲಿ ಜಾಗವಿದೆಯೋ ಅಲ್ಲಿಡುತ್ತಾರೆ. ಮುಂದಿನ ವರ್ಷಕ್ಕೆ ಎಷ್ಟು ಚೀಲ ಹೊಸದಾಗಿ ಬೇಕು, ಯಾವ ಅಂಚು ಈ ಸಲ ಸೋರಿತು, ಸಾಲಿಗೆ ಯಾರ್‍ಯಾರನ್ನು ಕರೆಯಬೇಕು ಎಂಬ ಲೆಕ್ಕ ಅಲ್ಲೇ ದಡದಲ್ಲಿ ನಿಂತು ಆಗುತ್ತದೆ.