ಅಪ್ಪಯ್ಯನೊಡನೆ ಹಿನ್ನೀರ ದ್ವೀಪಕ್ಕೆ

ವೃದ್ಧರಾದ ತಂದೆಯನ್ನು ಕರೆದುಕೊಂಡು ಗ್ರೀಸ್ ದೇಶದ ಯಾವುದಾದರೊಂದು ದ್ವೀಪಕ್ಕೆ ಹೋಗಿ, ಹಡಗುಕಟ್ಟೆಯ ಸಮೀಪದಲ್ಲಿ ಮನೆ ಹಿಡಿದು, ಯಾವ ಆತುರವೂ ಇಲ್ಲದೆ ಕಡಲನ್ನು ನೋಡುತ್ತ ಕೆಲವು ಕಾಲ ಕಳೆದು ಬರುವ ಪದ್ಧತಿ ಪಾಶ್ಚಾತ್ಯರಲ್ಲಿ ಉಂಟು. ಏಜಿಯನ್ ಸಮುದ್ರದ ಆ ದ್ವೀಪಗಳಲ್ಲಿ ಅನೇಕವು, ಹಿಮಯುಗ ಮುಗಿದು ಕಡಲು ಏರಿದಾಗ ಮುಳುಗದೆ ಉಳಿದ ಗಿರಿಶಿಖರಗಳೆಂದು ಬಲ್ಲವರು ಹೇಳುತ್ತಾರೆ. ಸಾಗರ ಸೀಮೆಯ ನಮಗೆ ಅಂಥವನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿಯೂ ಬೆಟ್ಟದ ನೆತ್ತಿಗಳೇ ದ್ವೀಪಗಳಾಗಿ ನಿಂತಿವೆ. ಆದರೆ ಇವುಗಳ ವಯಸ್ಸು ನಮ್ಮ ಅಪ್ಪಯ್ಯನ ವಯಸ್ಸಿಗಿಂತ ಕಡಿಮೆ.

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಶ್ರೀರಾಮನು ಬಾಣ ಹೂಡಿ ಚಿಮ್ಮಿಸಿದನೆಂದು ಐತಿಹ್ಯವುಳ್ಳ ಒರತೆಯಲ್ಲಿ ಜನಿಸಿ, ಹೊಸನಗರದ ಕಾಡುಗಳನ್ನು ಹಾದು, ಸಾಗರದ ಪಶ್ಚಿಮಕ್ಕೆ ಬಂದು, ಜೋಗದಲ್ಲಿ 253 ಮೀಟರಿನಷ್ಟು ಕೆಳಕ್ಕೆ ಧುಮುಕುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಅಡ್ಡವಾಯಿತು. ತೋಟ, ಗದ್ದೆ, ದೇವಸ್ಥಾನ, ಬಂಡಿಹಾದಿಗಳೆಲ್ಲ ನೀರಿನಡಿ ಸೇರಿದುವು. 1948ರಲ್ಲಿ ಪೂರ್ಣಗೊಂಡಿದ್ದ ಹಿರೇಭಾಸ್ಕರದ ಅಣೆಕಟ್ಟು ಸಹ, ತನಗಿಂತ ದೊಡ್ಡದಾದ ಮತ್ತೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಹೊಳೆಯಾಚೆಯ ತುಮರಿಯ ಸೀಮೆಯನ್ನು ಮೂರು ದಿಕ್ಕಿನಲ್ಲಿ ಹಿನ್ನೀರೂ ಉಳಿದ ದಿಕ್ಕಿನಲ್ಲಿ ದಟ್ಟಡವಿಯೂ ಸುತ್ತುಗಟ್ಟಿದುವು. ಭೂಗೋಳದ ಪ್ರಕಾರ ಅದು ಪರ್ಯಾಯದ್ವೀಪ. ಅಲ್ಲಿಯ ಜನರ ಪಾಲಿಗೆ ದ್ವೀಪವೇ.

ವಯಸ್ಸಾದವರೊಡನೆ ಈ ನಾಡನ್ನು ನೋಡಹೊರಡುವವರು ನದಿಯ ಜಾಡನ್ನೇ ಹಿಡಿಯುವುದು ಲೇಸು. ಬೆಳಗ್ಗೆ ಒಂದು ಸ್ಥಳ, ಮಧ್ಯಾಹ್ನ ತಂಬುಳಿಯ ಊಟ, ಅನಂತರ ನಿದ್ರೆ. ಇದಕ್ಕೆ ಮೀರಿದ ಕಾರ್ಯಕ್ರಮ ಹಾಕಿಕೊಂಡವನು ತಂದೆಯನ್ನು ಕರೆದೊಯ್ಯುತ್ತಿಲ್ಲ, ಹೊತ್ತೊಯ್ಯುತ್ತಿದ್ದಾನೆ. ಕೊಡಚಾದ್ರಿಯ ಜೀಪಿನ ಕುಲುಕಾಟವನ್ನೂ ಕವಲೇದುರ್ಗದ ಏರನ್ನೂ ಬಿಟ್ಟುಬಿಡಬೇಕು. ಇಕ್ಕೇರಿಯ ಅಘೋರೇಶ್ವರನ ಸನ್ನಿಧಿಯಲ್ಲಿ, ಆ ಬೃಹತ್ ನಂದಿಯ ನೆರಳಿನಲ್ಲಿ ಎಷ್ಟು ಹೊತ್ತು ಕುಳಿತರೂ ಎಬ್ಬಿಸುವವರಿಲ್ಲ. ಗ್ರೀಸಿನಲ್ಲಿಯೂ ಈ ವಿವೇಕ ಬೇಕಾಗುವುದು: ಸಾಂಟೊರಿನಿಯ ಹಳೆಯ ಬಂದರಿನಿಂದ ಊರಿಗೆ ಏರುವ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳು ಯಾವ ಮುದುಕರ ಮೊಣಕಾಲಿಗೂ ಕರುಣೆ ತೋರುವಂಥವಲ್ಲ.

ಹೊಳೆ ದಾಟುವ ಬಗೆ ಈಗ ಬದಲಾಗಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಮನುಷ್ಯರನ್ನೂ ಬಸ್ಸುಗಳನ್ನೂ ಏಕಕಾಲದಲ್ಲಿ ಹೊತ್ತು ತೇಲುತ್ತಿದ್ದ ಲಾಂಚಿನ ಕಾಲ, 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯುವುದರೊಡನೆ ಹಿಂದೆ ಸರಿಯಿತು. ಸಿಗಂದೂರು ಚೌಡೇಶ್ವರಿಯ ಭಕ್ತರು ಸಾಲಿನಲ್ಲಿ ನಿಂತು ಲಾಂಚಿಗೆ ಕಾಯುತ್ತಿದ್ದ ಆ ಹೊತ್ತಿನ ಸೊಗಸನ್ನು ನೆನೆದು ಮರುಗುವ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ರಾತ್ರಿ ಲಾಂಚಿಲ್ಲದ ವೇಳೆ ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಬೆಳಗಾಗುವುದನ್ನು ಕಾದವರು ಹಾಗೆ ಮರುಗಲಾರರು. ಅಪ್ಪಯ್ಯನು ಸೇತುವೆಯ ಕುರಿತು ಆಡಿದ್ದು ಒಂದೇ ಮಾತು: "ಅಡ್ಡಿಲ್ಲೆ ಮಾಣಿ, ಅರವತ್ತು ವರ್ಷ ತಡ ಆತು."

ನಾವು ದಂಡೆಯಲ್ಲಿ ನಿಂತು ನೀರನ್ನು ನೋಡುತ್ತೇವೆ. ಮುಳುಗಡೆಗೆ ಮುನ್ನ ಹುಟ್ಟಿದವರು ನೀರಿನ ಕೆಳಗನ್ನು ನೋಡುತ್ತಾರೆ. ಆ ಬೋಳು ಮರದ ಆಚೆ ಯಾರ ಭಾಗಾಯ್ತು, ಎಲ್ಲಿ ಕಾಲುಸಂಕ, ಯಾವ ದರೆಯ ಮೇಲೆ ಯಾರ ಮನೆ ಎಂದು ಬೆರಳು ತೋರಿ ಹೇಳುವರು. ಹೋಮರನ ಒಡಿಸ್ಸಿಯ ಕೊನೆಯಲ್ಲಿ, ಇಥಾಕ ದ್ವೀಪಕ್ಕೆ ಮರಳಿದ ಒಡಿಸ್ಯೂಸನು ಮುದಿ ತಂದೆ ಲಾಯೆರ್ಟೀಸನಿಗೆ ತನ್ನ ಗುರುತು ಹೇಳುವಾಗ, ಬಾಲ್ಯದಲ್ಲಿ ಆತ ತನಗೆ ಕೊಟ್ಟಿದ್ದ 10 ಸೇಬಿನ ಮರ, 40 ಅಂಜೂರ, 50 ಸಾಲು ದ್ರಾಕ್ಷಿಯನ್ನು ಎಣಿಸಿ ಒಪ್ಪಿಸುತ್ತಾನೆ. ಆ ಮಗನು ಭಾಗ್ಯವಂತ; ಎಣಿಸಿದ ಮರಗಳು ಕಣ್ಣೆದುರಿಗೇ ಇದ್ದುವು. ನಮ್ಮಲ್ಲಿ ಎಣಿಸುವವನು ತಂದೆ, ಕೇಳುವವನು ಮಗ, ಅಡಿಕೆಮರಗಳಿದ್ದ ತೋಟ ಮಾತ್ರ ಇಲ್ಲ. ಸಾಗರದವರೇ ಆದ ನಾ. ಡಿಸೋಜರು ಈ ಸಂಕಟವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಊರು ಬಿಡಲು ಮನಸ್ಸೊಪ್ಪದ ಅದರ ವೃದ್ಧ ತಂದೆ ದುಗ್ಗಜ್ಜನಂಥವರು ಈ ಸೀಮೆಯ ಎಷ್ಟೋ ಮನೆಗಳಲ್ಲಿದ್ದರು.

ಯಾವ ಕಾಲದಲ್ಲಿ ಹೋಗಬೇಕೆಂಬುದು ಉಳಿದ ಪ್ರಶ್ನೆ. ಮಳೆಗಾಲ ಕಳೆದ ಮೇಲೆ ಜಲಾಶಯ ತುಂಬಿ, ನಡುಗಡ್ಡೆಗಳು ಹಸುರಾಗಿ, ಹವೆ ತಂಪಾಗಿರುವುದರಿಂದ ವೃದ್ಧರ ದೇಹಕ್ಕೆ ಅದೇ ಹಿತವೆಂದು ನನ್ನ ವಾದ. ಬೇಸಗೆಯ ಕಡೆಯಲ್ಲಿ ನೀರು ಇಳಿದು, ಹಿರೇಭಾಸ್ಕರದ ಕಟ್ಟೆಯೂ ಹಳೆಯ ಹಾದಿಗಳೂ ಮೇಲೆದ್ದಾಗ ಹೋಗಬೇಕೆಂದು ಅಪ್ಪಯ್ಯನ ಹಟ. ಬಿಸಿಲಿಗೆ ಕೊಡೆ ಇದೆಯಲ್ಲ ಎನ್ನುತ್ತಾನೆ.