ಕೊಳಾಯಿಯೊಳಗಣ ವಿದ್ಯುತ್ತು

ಮಹಾನದಿಯೊಂದರ ತೀರದಲ್ಲಿ ನೆಲೆಗೊಳ್ಳದೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಬೆಳೆದ ಬೆಂಗಳೂರು, ಮೊದಲು ತನ್ನ ಕೆರೆಗಳನ್ನೂ, 1896ರಿಂದ ಹೆಸರಘಟ್ಟವನ್ನೂ, 1933ರಿಂದ ತಿಪ್ಪಗೊಂಡನಹಳ್ಳಿಯನ್ನೂ ಆಶ್ರಯಿಸಿ, ಅವೂ ಸಾಲದಾದಾಗ 1974ರಲ್ಲಿ ಕಾವೇರಿಯನ್ನು ಮನೆಗೆ ಕರೆದುಕೊಂಡಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ಆ ನೀರು, ಹಾರೋಹಳ್ಳಿ ತಾತಗುಣಿಗಳಲ್ಲಿ ಮತ್ತೆ ಮತ್ತೆ ಯಂತ್ರಬಲದಿಂದ ಮೇಲಕ್ಕೇರಿ, ಸುಮಾರು 100 ಕಿಲೋಮೀಟರ್ ದೂರವನ್ನೂ 500 ಮೀಟರಿನಷ್ಟು ಎತ್ತರವನ್ನೂ ಕ್ರಮಿಸಿ ನಮ್ಮ ಸಂಪಿಗೆ ಇಳಿಯುತ್ತದೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಎತ್ತಬೇಕಾದರೆ, ಪಂಪುಗಳಲ್ಲಿ ಆಗತಕ್ಕ ನಷ್ಟವನ್ನು ಗಣಿಸದೆಯೇ, 1.36 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಆದುದರಿಂದ ಈ ನಗರದಲ್ಲಿ ನೀರನ್ನು ಪೋಲುಮಾಡುವವನು, ತನ್ನ ಮೀಟರಿನಲ್ಲಿ ಕಾಣದ ವಿದ್ಯುತ್ತನ್ನೂ ಪೋಲುಮಾಡಿದಂತಾಯಿತು.

ಇದಕ್ಕಿಂತಲೂ ದುಬಾರಿಯಾದುದು ನೀರನ್ನು ಕಾಯಿಸುವ ಕಾರ್ಯ. 20 ಲೀಟರಿನ ಒಂದು ಬಕೆಟ್ಟನ್ನು 25 ಡಿಗ್ರಿಯಷ್ಟು ಬಿಸಿಮಾಡಲು ಅರ್ಧ ಯೂನಿಟ್ಟಿಗೂ ಹೆಚ್ಚು ಬೇಕು. ಪಂಪುಗಳ ನಷ್ಟವನ್ನು ಕೂಡಿಸಿಕೊಂಡರೂ, ಇನ್ನೂರು ಲೀಟರಿಗೆ ಮಿಗಿಲಾದ ಕಾವೇರಿಯನ್ನು ಬೆಂಗಳೂರಿಗೆ ಏರಿಸಲು ಅಷ್ಟು ಸಾಕು. ನಿಮಿಷಕ್ಕೆ 10 ಲೀಟರ್ ಸುರಿಸುವ ಷವರಿನ ಕೆಳಗೆ ಹತ್ತು ನಿಮಿಷ ನಿಲ್ಲತಕ್ಕ ಸುಖಜೀವಿಯ ಲೆಕ್ಕ ಇಂತಹ ಐದು ಬಕೆಟ್ಟುಗಳದು.

ಸೋಲಾರ್ ಹೀಟರು ಈ ವಿದ್ಯುತ್ತನ್ನು ಬಹುಮಟ್ಟಿಗೆ ಉಳಿಸುವುದು ನಿಜವಾದರೂ, ಅದನ್ನು ಜೋಡಿಸುವ ರೀತಿಯಲ್ಲಿ ನಮ್ಮವರು ತೋರುವ ಉದಾಸೀನ ವಿಸ್ಮಯಕರ. ಮಾಳಿಗೆಯ ಒಂದು ಮೂಲೆಯಲ್ಲಿ ಹೀಟರು, ನೆಲಮಹಡಿಯ ಇನ್ನೊಂದು ಮೂಲೆಯಲ್ಲಿ ಬಚ್ಚಲು: ನಡುವಣ 30 ಮೀಟರ್ ಉದ್ದದ ಮುಕ್ಕಾಲು ಇಂಚಿನ ಕೊಳವೆಯಲ್ಲಿ ಎಂಟು ಒಂಬತ್ತು ಲೀಟರ್ ನೀರು ರಾತ್ರಿಯೆಲ್ಲ ತಣ್ಣಗಾಗಿ ನಿಂತಿದ್ದು, ಬೆಳಗ್ಗೆ ಬಿಸಿನೀರು ಬರುವ ಮುನ್ನ ಚರಂಡಿಯ ಪಾಲಾಗುತ್ತದೆ. ಮನೆ ಕಟ್ಟುವಾಗಲೇ ಬಚ್ಚಲುಗಳನ್ನು ಹೀಟರಿನ ಕೆಳಗೇ ಒಂದರ ಕೆಳಗೊಂದರಂತೆ ಇರಿಸಿ, ಕೊಳವೆಗೆ ಶಾಖನಿರೋಧಕ ಹೊದಿಕೆ ತೊಡಿಸಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ಈಗಾಗಲೇ ಮನೆ ಕಟ್ಟಿಯಾಗಿರುವವರು ಆ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದಿರಿಸಬಹುದು. ಹಂಡೆಯ ಮಗ್ಗುಲಲ್ಲೇ ಸ್ನಾನಮಾಡಿ, ಬಚ್ಚಲ ನೀರನ್ನು ಬಾಳೆಗೂ ಕೆಸುವಿಗೂ ಹರಿಯಿಸುತ್ತಿದ್ದ ಹಿಂದಿನವರಿಗೆ ಈ ತೊಡಕೇ ಇರಲಿಲ್ಲ. ಅವರ ಸೌದೆಯೊಲೆಯ ಹೊಗೆಯನ್ನು ಮಾತ್ರ ನಾನು ಹೊಗಳಲಾರೆ.

2024ರ ಬೇಸಗೆಯಲ್ಲಿ ಜಲಮಂಡಳಿಯು ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಕಡ್ಡಾಯಗೊಳಿಸಿದ ಏರೇಟರು, ಧಾರೆಯಲ್ಲಿ ಗಾಳಿಯನ್ನು ಬೆರೆಸಿ ಹರಿವನ್ನು ತಗ್ಗಿಸತಕ್ಕ ಸಣ್ಣ ಸಾಧನ. ಕೈತೊಳೆಯುವಲ್ಲಿ ಅದು ಉಪಕಾರಿ. ಬಕೆಟ್ಟು ತುಂಬುವ ನಲ್ಲಿಗೆ ಹಾಕಿದರೆ ತುಂಬುವ ಹೊತ್ತು ಬೆಳೆಯುತ್ತದೆಯೇ ಹೊರತು ಉಳಿತಾಯವೇನೂ ಇಲ್ಲ. ಎರಡು ಗುಂಡಿಯ ಫ್ಲಷ್ ತೊಟ್ಟಿಯದು ದೊಡ್ಡ ಉಪಕಾರ. ಆದರೆ ಅದರೊಳಗಿನ ರಬ್ಬರು ಸವೆದರೆ, ನೀರು ಸದ್ದಿಲ್ಲದೆ ಹಗಲಿರುಳೂ ಸೋರಿಹೋಗುತ್ತದೆ. ತೊಟ್ಟಿಗೆ ನಾಲ್ಕು ಹನಿ ಶಾಯಿ ಬೆರೆಸಿ, ಅರ್ಧ ಗಂಟೆ ಫ್ಲಷ್ ಮಾಡದೆ ಬಿಟ್ಟು ನೋಡಿ: ಕೆಳಗೆ ಬಣ್ಣ ಕಂಡರೆ ಪ್ಲಂಬರನ್ನು ಕರೆಯಿಸತಕ್ಕದ್ದು.