ಬಯಲಿನ ಬೆಳಕೂ ಛಾಯಾಚಿತ್ರವೂ

ಕೈಯಲ್ಲಿ ಹಿಡಿಯುವ ಫೋನಿನೊಳಗೇ ಕ್ಯಾಮರಾ ಬಂದು ಸೇರಿದ ಮೇಲೆ ಛಾಯಾಚಿತ್ರ ತೆಗೆಯದ ಗೃಹಸ್ಥರು ವಿರಳರೆಂದೇ ಹೇಳಬೇಕು. “ಚಿತ್ರ ಹೇಗೆ ಬಂದರೇನು? ಅನಂತರ ತಿದ್ದಿಕೊಂಡರಾಯಿತು” ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ನಾನೂ ಹಾಗೆಯೇ ನಂಬಿದ್ದೆನು. ಆ ನಂಬಿಕೆಗೆ ತೆತ್ತ ಬೆಲೆಯನ್ನು ವಾಚಕರಿಗೆ ತಿಳಿಸುವುದು ಉಚಿತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರನ್ನು ಹಂಪೆಗೆ ಕರೆದುಕೊಂಡು ಹೋಗಿದ್ದೆನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಡುಹಗಲಿನಲ್ಲಿ ಅವರನ್ನು ನಿಲ್ಲಿಸಿ ಚಿತ್ರ ತೆಗೆದೆನು. ಮನೆಗೆ ಬಂದು ನೋಡಿದರೆ ಕಣ್ಣುಗಳ ಸುತ್ತ ಕರಿಯ ನೆರಳು. ನರೆತ ಕೂದಲೂ ಹಣೆಯೂ ಬರಿಯ ಕಾಗದದಂತೆ ಬಿಳಿ. ಮರುವರ್ಷ ಅವರು ತೀರಿಕೊಂಡರು. ಆಮೇಲೆ ಆ ಚಿತ್ರವನ್ನು ತಿದ್ದಲು ಕುಳಿತಾಗ ಕಣ್ಣಿನ ನೆರಳು ಬಹುಮಟ್ಟಿಗೆ ತಿಳಿಯಾಯಿತು. ಹಣೆಯ ಗೆರೆಗಳು ಮಾತ್ರ ಮರಳಿ ಬರಲಿಲ್ಲ.

ಇದಕ್ಕೆ ಕಾರಣವುಂಟು. ಕ್ಯಾಮರಾದ ಸೆನ್ಸರಿನ ಒಂದೊಂದು ಬಿಂದುವೂ ಬೆಳಕನ್ನು ತುಂಬಿಕೊಳ್ಳುವ ಒಂದು ಪುಟ್ಟ ಕೊಡ. ಅರ್ಧ ತುಂಬಿದ್ದರೆ ಎಷ್ಟು ತುಂಬಿತೆಂದು ಅಳೆಯಬಹುದು. ತುಂಬಿ ಹೊರಚೆಲ್ಲಿದ ನೀರಿಗೆ ಲೆಕ್ಕವಿಲ್ಲ. ಆದುದರಿಂದ ನೆರಳಿನಲ್ಲಿ ಅಡಗಿದುದನ್ನು ತಕ್ಕಮಟ್ಟಿಗೆ ಹೊರತರಬಹುದಲ್ಲದೆ, ಬೆಳಕಿನಲ್ಲಿ ಅಳಿದುದನ್ನು ತರಲಾಗದು.

ಹೊಸದಾಗಿ ಕಲಿಯುವವರು ಮೊದಲು ಹೊತ್ತನ್ನು ಅರಿಯತಕ್ಕದ್ದು. ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಮುಖದ ಭಾವವನ್ನೂ ಕಲ್ಲಿನ ಕೆತ್ತನೆಯನ್ನೂ ಎತ್ತಿ ತೋರಿಸುವುದು. ನಡುಹಗಲಿನಲ್ಲಿಯೇ ತೆಗೆಯಬೇಕಾದರೆ ಮಂಟಪದ ಅಥವಾ ಮರದ ನೆರಳಿನಲ್ಲಿ ನಿಲ್ಲಿಸಿ, ಮುಖವು ಬಯಲಿನ ಕಡೆಗಿರುವಂತೆ ನೋಡಿಕೊಳ್ಳಬೇಕು. ಫೋನಾದರೆ ಪರದೆಯ ಮೇಲೆ ಅತಿ ಬೆಳ್ಳಗಿರುವ ಭಾಗವನ್ನು ಮುಟ್ಟಿ ಬೆಳಕನ್ನು ಸ್ವಲ್ಪ ತಗ್ಗಿಸಬೇಕು. ಕ್ಯಾಮರಾವನ್ನು ಕೈಯಿಂದಲೇ ಹೊಂದಿಸುವವರಿಗೆ ಒಂದು ಹಳೆಯ ಸೂತ್ರವಿದೆ: ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100 ಇದ್ದರೆ ಎಫ್/16 ರಂಧ್ರಕ್ಕೆ ಸೆಕೆಂಡಿನ 1/100 ಭಾಗದಷ್ಟು ಕಾಲ ಸಾಕು.

ಇನ್ನು ತಿದ್ದುವ ವಿಚಾರ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು. 14 ಬಿಟ್ಟಿನ ರಾ ಕಡತದಲ್ಲಿ 16,384. ಆದುದರಿಂದ ತಿದ್ದುವ ಉದ್ದೇಶವಿದ್ದರೆ ರಾ ಕಡತವೇ ಮೇಲು. ಮೂಲಚಿತ್ರವನ್ನು ಹಾಗೆಯೇ ಇಟ್ಟು ಪ್ರತಿಯನ್ನು ಮಾತ್ರ ತಿದ್ದಬೇಕು. ಮೊದಲು ವಾಲಿದ ದಿಗಂತವನ್ನು ಸರಿಪಡಿಸಿ, ಬಳಿಕ ಬಣ್ಣದ ಸಮತೋಲವನ್ನೂ ಬೆಳಕು ನೆರಳುಗಳನ್ನೂ ಹದಕ್ಕೆ ತಂದು, ಕೊನೆಗೆ ಬೇಡದ ಅಂಚನ್ನು ಕತ್ತರಿಸಿದರೆ ಬಹುಪಾಲು ಕೆಲಸ ಮುಗಿಯಿತು.

ತಿದ್ದುವಿಕೆಯು ಹೊಸ ವಿದ್ಯೆಯೇನೂ ಅಲ್ಲ. 1856-57ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು ಸಮುದ್ರದ ಚಿತ್ರಗಳನ್ನು ತೆಗೆದನು. ಅಂದಿನ ಫಲಕಗಳು ನೀಲಿ ಬೆಳಕನ್ನು ಅತಿಯಾಗಿ ಹೀರುತ್ತಿದ್ದುದರಿಂದ, ಅಲೆಗಳು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶವು ಕೆಟ್ಟುಹೋಗುತ್ತಿತ್ತು. ಅವನು ಕೆಲವು ಚಿತ್ರಗಳಿಗೆ ಆಕಾಶವನ್ನೂ ಸಮುದ್ರವನ್ನೂ ಬೇರೆ ಬೇರೆ ಫಲಕಗಳಲ್ಲಿ ಹಿಡಿದು, ಒಂದೇ ಕಾಗದದ ಮೇಲೆ ಕೂಡಿಸಿ ಮುದ್ರಿಸಿದನು. ಅವನಿಗೂ ಮುದ್ರಣದ ಕೋಣೆಯಲ್ಲಿ ಮೋಡಗಳು ದೊರೆಯಲಿಲ್ಲ. ಬಯಲಿನಲ್ಲಿ ಹಿಡಿದುದನ್ನೇ ಅಲ್ಲಿ ಕೂಡಿಸಿದನು.

ಈಗಿನ ಯಂತ್ರಗಳಾದರೋ ಅಳಿದ ಭಾಗವನ್ನು ಊಹಿಸಿ ತುಂಬಬಲ್ಲವು. ನಾನೂ ಒಮ್ಮೆ ಹಾಗೆ ಮಾಡಿಸಿ ನೋಡಿದೆನು. ಹಣೆಯ ಮೇಲೆ ಅಂದವಾದ ಗೆರೆಗಳು ಮೂಡಿದವು; ಆದರೆ ಅವು ನಮ್ಮ ತಾಯಿಯವರ ಗೆರೆಗಳಾಗಿರಲಿಲ್ಲ. ಆ ಪ್ರತಿಯನ್ನು ಅಳಿಸಿ, ಬಿಳಿಚಿದ ಮೂಲಚಿತ್ರವನ್ನೇ ಗೋಡೆಗೆ ತೂಗುಹಾಕಿದ್ದೇನೆ.

ಮನೆಯಲ್ಲಿ ಹಿರಿಯರಿರುವ ವಾಚಕರು ನಾಳೆಯ ಬೆಳಗಿನ ಎಳೆಬಿಸಿಲಿನಲ್ಲಿ ಅವರನ್ನು ಜಗಲಿಯ ಮೇಲೆ ಕೂರಿಸಿ ಒಂದು ಚಿತ್ರ ತೆಗೆಯಲಿ. ಅದಕ್ಕೆ ಹೆಚ್ಚಿನ ತಿದ್ದುಪಾಟೇ ಬೇಕಾಗಲಾರದು.